ಉದ್ರಿ ವಹಿಯಿಂದ ಕ್ರೆಡಿಟ್ ಕಾರ್ಡಿನವರೆಗೆ

ಹೊಟ್ಟೆಪಾಡಿಗಾಗಿ ಕರಾವಳಿಯಿಂದ ಹಡಗು ಹತ್ತಿ, ಘಟ್ಟದ ಮೇಲಿನಿಂದ ರೈಲು ಹಿಡಿದು ಮುಂಬಯಿಗೆ ಬಂದ ಕನ್ನಡಿಗರಿಗೆ ಸಾಲವೆಂಬುದು ಹೊಸ ಮಾತೇನೂ ಅಲ್ಲ. ಬಂದ ಮೊದಲ ತಿಂಗಳಿನಲ್ಲೇ ಅವರು ಯಾರಿಗಾದರೂ ಋಣಿಗಳಾಗಿರುತ್ತಿದ್ದರು. ಊರಿನಿಂದ ಕರೆತಂದ ಮಾವನಿಗೋ, ಖಾನಾವಳಿಯ ಯಜಮಾನನಿಗೋ, ಚಾಳಿನ ಕೆಳಗಿನ ಕಿರಾಣಿ ಅಂಗಡಿಯವನಿಗೋ ಕೊಡಬೇಕಾದ ಬಾಕಿ ಇದ್ದೇ ಇರುತ್ತಿತ್ತು. ಇಂದು ನೆರೂಳಿನಲ್ಲಿ ನೆಲೆಸಿರುವ ಅವರ ಮಕ್ಕಳು, ಮೊಮ್ಮಕ್ಕಳು ಅದೇ ಸಾಲವನ್ನು ಒಂದು ಪ್ಲಾಸ್ಟಿಕ್ ತುಂಡಿನ ರೂಪದಲ್ಲಿ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದಾರೆ.

ಈ ಕ್ರೆಡಿಟ್ ಕಾರ್ಡಿನ ವಿಷಯದಲ್ಲಿ ನಮ್ಮ ಬಾಂಧವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಬಗೆಯವು. ಕಾರ್ಡು ಬೇಕೆ, ಬೇಡವೆ? ಬೇಕಾದರೆ ಯಾವುದು? ಬಿಲ್ಲಿನಲ್ಲಿ ಕಾಣುವ 'ಕನಿಷ್ಠ ಮೊತ್ತ' ಕಟ್ಟಿದರೆ ಸಾಲದೆ? ಕೇಳದೆಯೇ ಬಂದ ಕಾರ್ಡನ್ನು ಏನು ಮಾಡಬೇಕು? ಇವಕ್ಕೆ ಉತ್ತರ ಕೊಡುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗಿ ನೋಡುವುದು ಉಚಿತವೆಂದು ನಮಗೆ ತೋರುತ್ತದೆ. ಏಕೆಂದರೆ ಕಾರ್ಡು ಹೊಸದಾದರೂ ಅದರ ಹಿಂದಿರುವ ವ್ಯವಹಾರ ಬಹಳ ಹಳೆಯದು. ಆ ವ್ಯವಹಾರದಲ್ಲಿ ಏನು ಉಳಿದಿದೆ, ಏನು ಬಿಟ್ಟುಹೋಗಿದೆ ಎಂಬುದನ್ನು ತಿಳಿದವರಿಗೆ ಕಾರ್ಡು ಬಳಸುವ ಬಗೆಯೂ ತಾನಾಗಿ ತಿಳಿಯುತ್ತದೆ.

ಉದ್ರಿ ವಹಿಯ ಕಾಲ

ದಾದರು, ಮಾಟುಂಗ, ಗಿರ್ಗಾಂವ್, ಕೋಟೆ ಪ್ರದೇಶದ ಖೋಲಿಗಳಲ್ಲಿ ಬಾಳಿದ ಹಿರಿಯರಿಗೆ ಕಿರಾಣಿ ಅಂಗಡಿಯ ಉದ್ರಿ ವಹಿಯ ನೆನಪು ಇದ್ದೇ ಇರುತ್ತದೆ. ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ ಎಲ್ಲವನ್ನೂ ಬರೆಸಿ ತರುವುದು, ಪಗಾರದ ದಿನ ಲೆಕ್ಕ ಚುಕ್ತಾ ಮಾಡುವುದು ವಾಡಿಕೆ. ಒಂದು ಪುಸ್ತಕ ಅಂಗಡಿಯಲ್ಲಿ, ಒಂದು ಚಿಕ್ಕ ಪುಸ್ತಕ ಮನೆಯಲ್ಲಿ. ಬಡ್ಡಿಯೆಂದು ಬೇರೆ ಹಾಕುತ್ತಿರಲಿಲ್ಲ. ಅದನ್ನು ಸಾಮಾನಿನ ಬೆಲೆಯಲ್ಲಿಯೇ ಸೇರಿಸುತ್ತಿದ್ದನೋ ಏನೋ, ಅದು ಬೇರೆ ಮಾತು.

ಈ ಪದ್ಧತಿಯಲ್ಲಿ ಒಂದು ಗುಣವಿತ್ತು. ಅಂಗಡಿಯವನಿಗೆ ಮನೆಯ ಸ್ಥಿತಿಗತಿ ಗೊತ್ತು. ಯಜಮಾನನ ಪಗಾರ ಎಷ್ಟು, ಯಾವ ತಿಂಗಳು ಮಕ್ಕಳ ಫೀ ಕಟ್ಟಬೇಕು, ಯಾವಾಗ ಊರಿಗೆ ಹೋಗುವ ಖರ್ಚು ಬರುತ್ತದೆ ಎಂಬುದೆಲ್ಲ ಅವನ ತಲೆಯಲ್ಲಿರುತ್ತಿತ್ತು. ಬಾಕಿ ಮಿತಿ ಮೀರಿದರೆ, "ಭಾಭಿ, ಈ ತಿಂಗಳು ಸ್ವಲ್ಪ ಜಾಸ್ತಿಯಾಯಿತು" ಎಂದು ಅವನೇ ಎಚ್ಚರಿಸುತ್ತಿದ್ದ. ಅದು ಅವನ ಸ್ವಾರ್ಥದ ಎಚ್ಚರಿಕೆಯೇ ಇರಬಹುದು. ಆದರೂ ಅದರಿಂದ ಎಷ್ಟೋ ಸಂಸಾರಗಳು ಕೈಮೀರುವ ಸಾಲದಿಂದ ಪಾರಾದವು.

ಕಿರಾಣಿಯವನ ಉದ್ರಿ ನಿತ್ಯದ ಖರ್ಚಿಗೆ ಆಯಿತು. ಮದುವೆ, ಬಾಣಂತನ, ಕಾಯಿಲೆ ಬಂದಾಗ? ಆಗ ಹೋಗಬೇಕಾದದ್ದು ಲೇವಾದೇವಿಯವನ ಬಳಿಗೆ. ಬ್ರಿಟಿಷರ ಕಾಲದ ಮುಂಬಯಿಯ ಕಾರ್ಮಿಕ ವರ್ಗದಲ್ಲಿ ರೂಪಾಯಿಗೆ ತಿಂಗಳಿಗೆ ಒಂದಾಣೆ ಬಡ್ಡಿ ಸಾಮಾನ್ಯವಾಗಿತ್ತು. ಹದಿನಾರು ಆಣೆಗೆ ಒಂದು ರೂಪಾಯಿಯಾದ್ದರಿಂದ ಲೆಕ್ಕ ಹಾಕಿದರೆ ಇದು ವರ್ಷಕ್ಕೆ ಶೇಕಡಾ 75 ಆಗುತ್ತದೆ. ಈ 75 ಎಂಬ ಅಂಕಿಯನ್ನು ಓದುಗರು ಸ್ವಲ್ಪ ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಸ್ತಾಪ ಮತ್ತೆ ಬರುತ್ತದೆ.

ಸಹಕಾರದ ಸಾಲ

ಈ ಬಡ್ಡಿಯ ಉರುಳಿನಿಂದ ಜನರನ್ನು ಬಿಡಿಸಲು ನಡೆದ ಪ್ರಯತ್ನಗಳಲ್ಲಿ ಕನ್ನಡ ನಾಡಿನವರ ಪಾಲು ಹಿರಿದು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾನೂನು ಬಂದಿತು. ಮರುವರ್ಷವೇ, 1905ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘ ಹುಟ್ಟಿತು. ಆಗ ಆ ಪ್ರದೇಶ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಈ ಕಾನೂನಿನಡಿ ದೇಶದಲ್ಲಿ ಮೊಟ್ಟಮೊದಲು ತಲೆಯೆತ್ತಿದ ಸಂಘಗಳಲ್ಲಿ ಇದಕ್ಕೆ ಅಗ್ರಸ್ಥಾನವಿದೆ.

ಮುಂಬಯಿ ನಗರದಲ್ಲಿಯೇ 1906ರ ಡಿಸೆಂಬರಿನಲ್ಲಿ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು ತಮ್ಮ ಹಿರಿಯರಾದ ಶಾಮರಾವ್ ವಿಠಲ ಕೈಕಿಣಿಯವರ ಹೆಸರಿನಲ್ಲಿ ಒಂದು ಪತ್ತಿನ ಸಂಘ ಸ್ಥಾಪಿಸಿದರು. ಕೆನರಾ ಜಿಲ್ಲೆಗಳಿಂದ ಬಂದು ಮುಂಬಯಿಯ ಕಚೇರಿಗಳಲ್ಲಿ ಗುಮಾಸ್ತಿಕೆ ಮಾಡುತ್ತಿದ್ದ ಸಾರಸ್ವತ ಕುಟುಂಬಗಳಿಗೆ ಅದು ಆಸರೆಯಾಯಿತು. ಶಾಮರಾವ್ ವಿಠಲ ಸಹಕಾರಿ ಬ್ಯಾಂಕೆಂದು ಬೆಳೆದು, ಇಂದು ಎಸ್‌ವಿಸಿ ಬ್ಯಾಂಕೆಂಬ ಹೆಸರಿನಲ್ಲಿ ನಡೆಯುತ್ತಿರುವ ಸಂಸ್ಥೆ ಅದೇ.

ಅದೇ 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡನ್ನೂ, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿದ ಸಂಸ್ಥೆಯನ್ನೂ ಆರಂಭಿಸಿದರು. ಒಂದೇ ವರ್ಷದಲ್ಲಿ ಮೂರು ಸಂಸ್ಥೆಗಳು!

ಸಹಕಾರಿ ಸಂಘದಲ್ಲಿ ಸಾಲ ಬೇಕಾದರೆ ಸದಸ್ಯರಾಗಬೇಕು, ಜಾಮೀನುದಾರರನ್ನು ಒದಗಿಸಬೇಕು. ಜಾಮೀನಿಗೆ ನಿಲ್ಲುವವರು ಸಾಮಾನ್ಯವಾಗಿ ಅದೇ ಕಚೇರಿಯವರು, ಇಲ್ಲವೆ ಅದೇ ಊರಿನವರು. ಕಂತು ತಪ್ಪಿದರೆ ಆ ಸ್ನೇಹಿತನ ಪಗಾರಕ್ಕೆ ಕತ್ತರಿ ಬೀಳುತ್ತದೆ ಎಂಬ ಅಳುಕು ಸಾಲಗಾರನನ್ನು ಹದ್ದುಬಸ್ತಿನಲ್ಲಿಡುತ್ತಿತ್ತು. ಅಂಗಡಿಯವನ ಎಚ್ಚರಿಕೆಯ ಜಾಗಕ್ಕೆ ಇಲ್ಲಿ ಜಾಮೀನುದಾರನ ಮುಖ ಬಂದಿತು.

1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ಡಾ. ಟಿ. ಎಂ. ಎ. ಪೈ, ವಾಮನ ಕುಡ್ವರು ಸೇರಿ ಕಟ್ಟಿದ ಕೆನರಾ ಇಂಡಸ್ಟ್ರಿಯಲ್ ಆಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. 1928ರಲ್ಲಿ ಅದು ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟನು ದಿನವೂ ಮನೆಬಾಗಿಲಿಗೆ, ಅಂಗಡಿಬಾಗಿಲಿಗೆ ಬಂದು ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಸಂಗ್ರಹಿಸುತ್ತಿದ್ದ. ಇದು ಸಾಲಕ್ಕೆ ತೀರ ವಿರುದ್ಧವಾದ ಅಭ್ಯಾಸ. ಖರ್ಚಿಗೆ ಮೊದಲು ಉಳಿತಾಯ. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಕಾರ್ಪೊರೇಷನ್ ಬ್ಯಾಂಕು ಅದೇ ದಿನ ಯೂನಿಯನ್ ಬ್ಯಾಂಕಿಗೆ ಸೇರಿತು. ಹೆಸರುಗಳು ಹೋದರೂ ಅವು ಕಲಿಸಿದ ಪಾಠ ನಮ್ಮ ಮನೆಗಳಿಂದ ಹೋಗಬಾರದು.

ಕಾರ್ಡು ಹುಟ್ಟಿದ ಬಗೆ

ಈಗ ಕಾರ್ಡಿನ ಕಥೆಗೆ ಬರೋಣ. 1950ರಲ್ಲಿ ಅಮೆರಿಕದ ನ್ಯೂಯಾರ್ಕಿನಲ್ಲಿ ಫ್ರಾಂಕ್ ಮ್ಯಾಕ್‌ನಮಾರ ಎಂಬವನು ಡೈನರ್ಸ್ ಕ್ಲಬ್ ಸ್ಥಾಪಿಸಿದ. ಕೈಯಲ್ಲಿ ಹಣವಿಲ್ಲದಿದ್ದರೂ ಹೋಟೆಲಿನಲ್ಲಿ ಊಟ ಮಾಡಿ ಕಾರ್ಡು ತೋರಿಸಿದರೆ ಸಾಕು. ಹಣವನ್ನು ಕ್ಲಬ್ಬು ಕೊಟ್ಟು, ತಿಂಗಳ ಕೊನೆಗೆ ಸದಸ್ಯನಿಂದ ಪೂರ್ತಿ ವಸೂಲು ಮಾಡುತ್ತಿತ್ತು. ಮೊದಲ ಕಾರ್ಡುಗಳು ರಟ್ಟಿನವು. ಗಮನಿಸಬೇಕಾದ ಮಾತೆಂದರೆ, ಪೂರ್ತಿ ಬಾಕಿ ಕಟ್ಟಲೇಬೇಕಿತ್ತು. ಅಷ್ಟರ ಮಟ್ಟಿಗೆ ಇದು ನಮ್ಮ ಕಿರಾಣಿಯ ಉದ್ರಿಯ ಅಣ್ಣನೇ ಸರಿ.

ವ್ಯವಹಾರದ ಸ್ವರೂಪ ಬದಲಾದದ್ದು 1958ರಲ್ಲಿ. ಕ್ಯಾಲಿಫೋರ್ನಿಯದ ಫ್ರೆಸ್ನೊ ನಗರದಲ್ಲಿ ಬ್ಯಾಂಕ್ ಆಫ್ ಅಮೆರಿಕವು ಸುಮಾರು 60,000 ಕಾರ್ಡುಗಳನ್ನು ಯಾರೂ ಕೇಳದೆಯೇ ಟಪಾಲಿನಲ್ಲಿ ಹಂಚಿತು. ಇಲ್ಲಿ ಪೂರ್ತಿ ಬಾಕಿ ಕಟ್ಟಬೇಕೆಂಬ ಕಟ್ಟುಪಾಡು ಇರಲಿಲ್ಲ. ಸ್ವಲ್ಪ ಕಟ್ಟಿ, ಉಳಿದದ್ದನ್ನು ಬಡ್ಡಿಯೊಡನೆ ಮುಂದಿನ ತಿಂಗಳಿಗೆ ತಳ್ಳಬಹುದಿತ್ತು. ಹಳೆಯ ಉದ್ರಿ ವಹಿಯೂ ಲೇವಾದೇವಿಯವನ ಬಡ್ಡಿಯೂ ಒಂದೇ ಕಾರ್ಡಿನೊಳಗೆ ಸೇರಿದ್ದು ಹೀಗೆ. ಕೇಳದೆ ಕಾರ್ಡು ಕಳಿಸುವ ಹಾವಳಿ ಎಷ್ಟು ಬೆಳೆಯಿತೆಂದರೆ 1970ರಲ್ಲಿ ಅಮೆರಿಕ ಅದನ್ನು ಕಾನೂನಿನಿಂದಲೇ ನಿಷೇಧಿಸಬೇಕಾಯಿತು. ಆ ಬ್ಯಾಂಕಿನ ಕಾರ್ಡು 1976ರಲ್ಲಿ 'ವೀಸಾ' ಎಂಬ ಹೆಸರು ಪಡೆಯಿತು.

ಭಾರತಕ್ಕೆ ಡೈನರ್ಸ್ ಕ್ಲಬ್ 1960ರ ದಶಕದ ಆರಂಭದಲ್ಲೇ ಬಂದಿದ್ದರೂ ಅದು ದೊಡ್ಡ ಹೋಟೆಲು, ವಿಮಾನಗಳಲ್ಲಿ ತಿರುಗುವವರ ಸೊತ್ತಾಗಿತ್ತು. ನಮ್ಮ ಬ್ಯಾಂಕುಗಳ ಪೈಕಿ ಮುಂಬಯಿಯಲ್ಲೇ ಕೇಂದ್ರ ಕಚೇರಿಯುಳ್ಳ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ 1980ರಲ್ಲಿ 'ಸೆಂಟ್ರಲ್ ಕಾರ್ಡ್' ಹೊರಡಿಸಿತು. ಆ ದಶಕದಲ್ಲೇ ಕೆನರಾ ಬ್ಯಾಂಕಿನ 'ಕ್ಯಾನ್‌ಕಾರ್ಡ್' ಕೂಡ ಬಂದಿತು. ಆಗ ಅಂಗಡಿಯಲ್ಲಿ ಕಾರ್ಡನ್ನು ಒಂದು ಚಿಕ್ಕ ಯಂತ್ರದಲ್ಲಿಟ್ಟು, ಕಾರ್ಬನ್ ಕಾಗದದ ಮೇಲೆ ಉಬ್ಬಕ್ಷರದ ಅಚ್ಚು ತೆಗೆದು, ಸಹಿ ಹಾಕಿಸಿಕೊಳ್ಳುತ್ತಿದ್ದರು. 1990ರ ಬಳಿಕ ವಿದೇಶಿ ಬ್ಯಾಂಕುಗಳೂ, 1998ರಲ್ಲಿ ಸ್ಟೇಟ್ ಬ್ಯಾಂಕಿನ ಕಾರ್ಡೂ ಬಂದ ಮೇಲೆ ಮಧ್ಯಮ ವರ್ಗದ ಮನೆಗಳಿಗೆ ಕಾರ್ಡು ಹೊಕ್ಕಿತು. 2012ರಲ್ಲಿ ಸ್ವದೇಶಿ ರೂಪೇ ಕಾರ್ಡು, 2022ರಿಂದ ರೂಪೇ ಕ್ರೆಡಿಟ್ ಕಾರ್ಡನ್ನು ಮೊಬೈಲಿನ ಯುಪಿಐಗೆ ಜೋಡಿಸುವ ಸೌಲಭ್ಯ ಬಂದವು. ಉದ್ರಿ ಮತ್ತೆ ಕಿರಾಣಿ ಅಂಗಡಿಗೇ ಮರಳಿತು. ಆದರೆ ಬರೆದುಕೊಳ್ಳುವವನು ಈಗ ಅಂಗಡಿಯವನಲ್ಲ.

ನೆರೂಳಿನ ಮಾತು

ಸಿಡ್ಕೊ ಸಂಸ್ಥೆ ಸ್ಥಾಪನೆಯಾದದ್ದು 1970ರಲ್ಲಿ. ಠಾಣೆ ಖಾರಿಯ ಮೇಲಿನ ಸೇತುವೆ 1973ರಲ್ಲಿ ಆಯಿತು. ಲೋಕಲ್ ರೈಲು 1992ರಲ್ಲಿ ವಾಶಿಗೂ ಮರುವರ್ಷ ನೆರೂಳಿಗೂ ಬಂದಿತು. ಹಳೆಯ ಮುಂಬಯಿಯ ಇಕ್ಕಟ್ಟಿನ ಖೋಲಿಗಳಿಂದ ನಮ್ಮ ಎಷ್ಟೋ ಕುಟುಂಬಗಳು ಇಲ್ಲಿಗೆ ಬಂದದ್ದು ಸ್ವಂತ ಮನೆಯ ಆಸೆಯಿಂದ. ಗಾಳಿ, ಬೆಳಕು, ಅಗಲವಾದ ರಸ್ತೆ ಎಲ್ಲ ದೊರೆತವು. ಆದರೆ ಚಾಳಿನ ಕೆಳಗಿನ ಅಂಗಡಿಯ ಪರಿಚಯ ಅಲ್ಲಿಯೇ ಉಳಿಯಿತು. ಈಗಿನ ಮಾಲಿನಲ್ಲಿ ಬಿಲ್ಲು ಮಾಡುವ ಹುಡುಗಿಗೆ ನಮ್ಮ ಪಗಾರ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಕಾರ್ಡು ಕೊಡುವ ಬ್ಯಾಂಕಿಗೆ ನಮ್ಮ ಆದಾಯ ಗೊತ್ತು. ಆದರೆ ಈ ತಿಂಗಳು ಮಗಳ ಕಾಲೇಜಿನ ಫೀ ಇದೆ, ಊರಿನಲ್ಲಿ ತಾಯಿಗೆ ಕಣ್ಣಿನ ಆಪರೇಷನ್ ಇದೆ ಎಂಬುದು ಅದಕ್ಕೆ ಗೊತ್ತಿಲ್ಲ. "ಜಾಸ್ತಿಯಾಯಿತು" ಎಂದು ಅದು ತಡೆಯುವುದಿಲ್ಲ. ಬದಲು ಮಿತಿ ಹೆಚ್ಚಿಸಲೇ ಎಂದು ಕೇಳುತ್ತದೆ. ಹಿಂದೆ ಬೇರೆಯವರು ಮಾಡುತ್ತಿದ್ದ ಈ ಕಾವಲಿನ ಕೆಲಸವನ್ನು ಇನ್ನು ನಾವೇ ಮಾಡಿಕೊಳ್ಳಬೇಕು. ಮುಂದಿನ ಉತ್ತರಗಳೆಲ್ಲ ಈ ಒಂದು ಮಾತಿನ ವಿಸ್ತರಣೆಯೇ.

ಬಾಂಧವರ ಪ್ರಶ್ನೆಗಳಿಗೆ

ಕಾರ್ಡು ಬೇಕೆ? ತಿಂಗಳ ಖರ್ಚನ್ನು ಪಗಾರದೊಳಗೆ ನಿಭಾಯಿಸಿ, ಸ್ವಲ್ಪವಾದರೂ ಉಳಿಸಬಲ್ಲವರಿಗೆ ಕಾರ್ಡು ಅನುಕೂಲವೇ. ಬಿಲ್ಲಿನ ತಾರೀಖಿಗೂ ಖರೀದಿಯ ದಿನಕ್ಕೂ ಅನುಸರಿಸಿ, ಹೆಚ್ಚಿನ ಕಾರ್ಡುಗಳಲ್ಲಿ ಸುಮಾರು 20ರಿಂದ 50 ದಿನ ಬಡ್ಡಿಯಿಲ್ಲದ ಅವಕಾಶ ಸಿಗುತ್ತದೆ. ತಿಂಗಳ ಖರ್ಚೇ ಪಗಾರ ಮೀರುತ್ತಿದ್ದರೆ ಕಾರ್ಡು ಆ ಕೊರತೆಯನ್ನು ತುಂಬುವುದಿಲ್ಲ, ಮುಚ್ಚಿಡುತ್ತದೆ ಅಷ್ಟೆ.

ಯಾವ ಕಾರ್ಡು? ಮೊದಲು ವಾರ್ಷಿಕ ಶುಲ್ಕ ನೋಡಬೇಕು. ನಂತರ ನಮ್ಮ ಖರ್ಚು ನಿಜವಾಗಿ ಎಲ್ಲಿ ಆಗುತ್ತದೆ ಎಂಬುದನ್ನು ನೋಡಬೇಕು. ವರ್ಷಕ್ಕೊಮ್ಮೆ ರೈಲಿನಲ್ಲಿ ಊರಿಗೆ ಹೋಗುವವರಿಗೆ ವಿಮಾನ ನಿಲ್ದಾಣದ ವಿಶ್ರಾಂತಿ ಕೊಠಡಿಯ ಸೌಲಭ್ಯದಿಂದ ಏನು ಪ್ರಯೋಜನ? ಆರಂಭಕ್ಕೆ ಶುಲ್ಕವಿಲ್ಲದ ಒಂದೇ ಒಂದು ಸಾದಾ ಕಾರ್ಡು ಸಾಕು. ಪಗಾರದ ಚೀಟಿ ಇಲ್ಲದ ಗೃಹಿಣಿಯರಿಗೂ ಸಣ್ಣ ವ್ಯಾಪಾರಿಗಳಿಗೂ ಮುದ್ದತು ಠೇವಣಿಯ ಆಧಾರದ ಮೇಲೆ ಹಲವು ಬ್ಯಾಂಕುಗಳು ಕಾರ್ಡು ಕೊಡುತ್ತವೆ. ಮನೆಮಂದಿಗೆ ಹೆಚ್ಚುವರಿ ಕಾರ್ಡು ಕೊಡಿಸಿದರೆ, ಅದರ ಬಾಕಿಗೂ ಮೂಲ ಕಾರ್ಡುದಾರರೇ ಹೊಣೆ ಎಂಬುದು ನೆನಪಿರಲಿ.

ಕನಿಷ್ಠ ಮೊತ್ತ ಕಟ್ಟಿದರೆ ಸಾಲದೆ? ಸಾಲದು. ಒಂದು ಉದಾಹರಣೆ ತೆಗೆದುಕೊಳ್ಳೋಣ. 20,000 ರೂಪಾಯಿ ಬಿಲ್ಲು ಬಂದಿದೆ, 1,000 ಕಟ್ಟಿದಿರಿ. ಉಳಿದ 19,000ಕ್ಕೆ ತಿಂಗಳಿಗೆ ಶೇಕಡಾ 3.5ರಂತೆ ಬಡ್ಡಿ 665 ರೂಪಾಯಿ. ಆ ಬಡ್ಡಿಯ ಮೇಲೆ ಶೇಕಡಾ 18 ಜಿಎಸ್‌ಟಿ ಸುಮಾರು 120. ಒಟ್ಟು 785. ಮುಂದಿನ ತಿಂಗಳು ಕಟ್ಟುವ 1,000ದಲ್ಲಿ ಅಸಲಿಗೆ ಜಮೆಯಾಗುವುದು 215 ರೂಪಾಯಿ ಮಾತ್ರ. ಹೊಸದಾಗಿ ಒಂದು ಪೈಸೆಯನ್ನೂ ಖರ್ಚು ಮಾಡದೆ ತಿಂಗಳಿಗೆ ಸಾವಿರದಂತೆ ಕಟ್ಟುತ್ತ ಹೋದರೂ ಸಾಲ ತೀರಲು ಮೂರು ವರ್ಷಕ್ಕೂ ಮಿಕ್ಕಿ ಬೇಕು, ಕಟ್ಟಿದ ಮೊತ್ತ ಸುಮಾರು 39,000 ಆಗುತ್ತದೆ. ವರ್ಷಕ್ಕೆ ಈ ಬಡ್ಡಿ ಶೇಕಡಾ 42. ತೆರಿಗೆ ಸೇರಿದರೆ ಐವತ್ತರ ಹತ್ತಿರ. ಲೇವಾದೇವಿಯವನ 75 ಇದಕ್ಕಿಂತ ತುಂಬ ದೂರದಲ್ಲಿಲ್ಲ. ಅವನ ಬಾಗಿಲಿಗೆ ಹೋಗುವಾಗ ನಮ್ಮ ಹಿರಿಯರಿಗೆ ತಾವು ಎಲ್ಲಿಗೆ ಹೋಗುತ್ತಿದ್ದೇವೆ ಎಂಬುದಾದರೂ ಗೊತ್ತಿತ್ತು. ಇನ್ನೊಂದು ಮಾತು: ಹಳೆಯ ಬಾಕಿ ಉಳಿದಿರುವಾಗ ಹೊಸ ಖರೀದಿಗೆ ಬಡ್ಡಿರಹಿತ ಅವಧಿ ಸಿಗುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ.

ಈ ಬಡ್ಡಿಗೆ ಮಿತಿಯಿಲ್ಲವೆ? ರಾಷ್ಟ್ರೀಯ ಗ್ರಾಹಕ ಆಯೋಗವು 2008ರಲ್ಲಿ ವರ್ಷಕ್ಕೆ ಶೇಕಡಾ 30ಕ್ಕಿಂತ ಹೆಚ್ಚು ಬಡ್ಡಿ ಅನ್ಯಾಯವೆಂದು ತೀರ್ಪು ನೀಡಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ಆದ್ದರಿಂದ 30ರ ಆ ಬೇಲಿ ಇದೆಯೆಂದು ಭಾವಿಸಿ ಯಾರೂ ಮೋಸಹೋಗಬಾರದು.

ಕಾರ್ಡಿನಿಂದ ನಗದು ತೆಗೆಯಬಹುದೆ? ತೆಗೆಯಬಹುದು, ಆದರೆ ತೆಗೆಯಬಾರದು. ತೆಗೆದ ಕ್ಷಣಕ್ಕೆ ಶುಲ್ಕ, ಅಂದಿನಿಂದಲೇ ಬಡ್ಡಿ. ತುರ್ತಿಗೆ ಹಣ ಬೇಕಾದರೆ ಬ್ಯಾಂಕಿನ ಚಿನ್ನದ ಸಾಲ, ಠೇವಣಿಯ ಮೇಲಿನ ಸಾಲ, ಸಹಕಾರಿ ಸಂಘದ ಸಾಲ, ಇವೆಲ್ಲ ಸಾಮಾನ್ಯವಾಗಿ ಇದಕ್ಕಿಂತ ಬಹಳ ಅಗ್ಗ. ಈಗಾಗಲೇ ಕಾರ್ಡಿನ ಬಾಕಿಯಲ್ಲಿ ಸಿಕ್ಕಿದವರೂ ಕಾರ್ಡನ್ನು ಬದಿಗಿಟ್ಟು, ಅಂಥ ಅಗ್ಗದ ಸಾಲವೊಂದನ್ನು ಪಡೆದು ಬಾಕಿ ಚುಕ್ತಾ ಮಾಡುವುದು ಮೇಲು.

ಕಂತು ತಪ್ಪಿದರೆ ಏನಾಗುತ್ತದೆ? ಹಳೆಯ ಜಾಮೀನುದಾರನ ಸ್ಥಾನದಲ್ಲಿ ಈಗ ಒಂದು ಅಂಕಿ ಕುಳಿತಿದೆ. ಸಾಲಗಾರರ ಮಾಹಿತಿ ಸಂಗ್ರಹಿಸುವ ಸಿಬಿಲ್ ಸಂಸ್ಥೆ 2000ದಲ್ಲಿ ಸ್ಥಾಪನೆಯಾಯಿತು; ಇಂಥ ಸಂಸ್ಥೆಗಳಿಗಾಗಿ 2005ರಲ್ಲಿ ಕಾನೂನು ಬಂದಿತು. ಅವು 300ರಿಂದ 900ರವರೆಗೆ ನಮಗೆ ಅಂಕ ಕೊಡುತ್ತವೆ. ಎರಡು ಸಾವಿರ ರೂಪಾಯಿಯ ಬಿಲ್ಲನ್ನು ಅಲಕ್ಷ್ಯದಿಂದ ಬಿಟ್ಟವರು, ಮುಂದೆ ಮನೆಗೋ ಮಕ್ಕಳ ಓದಿಗೋ ಸಾಲ ಕೇಳುವಾಗ ಅದರ ಫಲ ಉಣ್ಣಬೇಕಾಗಬಹುದು. ವರ್ಷಕ್ಕೊಮ್ಮೆ ಈ ವರದಿಯನ್ನು ಪುಕ್ಕಟೆಯಾಗಿ ತರಿಸಿ ನೋಡುವ ಹಕ್ಕು ಎಲ್ಲರಿಗೂ ಇದೆ. ಖರ್ಚನ್ನು ಕಾರ್ಡಿನ ಮಿತಿಯ ಮೂರನೆಯ ಒಂದು ಭಾಗದೊಳಗೆ ಇಟ್ಟುಕೊಳ್ಳುವುದು ಕ್ಷೇಮ.

ಕೇಳದೆ ಬಂದ ಕಾರ್ಡು? ಅದನ್ನು ಚಾಲನೆ ಮಾಡಬೇಡಿ, ಯಾರಿಗೂ ಒಟಿಪಿ ಹೇಳಬೇಡಿ. 2022ರಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ನಿರ್ದೇಶನಗಳು ಕೇಳದೆ ಕಾರ್ಡು ಕೊಡುವುದನ್ನು ನಿಷೇಧಿಸಿದವು; ಅಂಥ ಕಾರ್ಡಿಗೆ ಒಪ್ಪಿಗೆಯಿಲ್ಲದೆ ಬಿಲ್ಲು ಹಾಕಿದರೆ, ಆ ಮೊತ್ತ ರದ್ದು ಮಾಡಿ ಅದರ ಎರಡರಷ್ಟು ದಂಡ ಕೊಡಬೇಕೆಂದು ವಿಧಿಸಿದವು. ಅಮೆರಿಕ 1970ರಲ್ಲಿ ಕಲಿತ ಪಾಠ ನಮ್ಮಲ್ಲಿಯೂ ಕಾನೂನಿನ ಮಾತಾಯಿತು. ಬೇಡವಾದ ಕಾರ್ಡನ್ನು ಬಾಕಿ ತೀರಿಸಿ ಮುಚ್ಚಲು ಬರೆದುಕೊಟ್ಟರೆ, ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿ ದಂಡ ಎಂಬುದೂ ಆ ನಿರ್ದೇಶನಗಳಲ್ಲಿದೆ. ಬ್ಯಾಂಕು ಕಿವಿಗೊಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ.

ಮೋಸವಾದರೆ? ಕಾರ್ಡು ಕಳೆದರೆ ಅಥವಾ ತಿಳಿಯದ ಖರ್ಚು ಕಂಡರೆ, ಮೊದಲು ಕಾರ್ಡನ್ನು ಬಂದ್ ಮಾಡಿಸಿ, ಬ್ಯಾಂಕಿಗೆ ತಿಳಿಸಿ, ದೂರಿನ ನಂಬರು ಬರೆದಿಟ್ಟುಕೊಳ್ಳಿ. ಸೈಬರ್ ವಂಚನೆಗೆ 1930 ಎಂಬ ಸಹಾಯವಾಣಿಯಿದೆ. ತಡಮಾಡಿದಷ್ಟೂ ನಷ್ಟ ನಮ್ಮದೇ ಆಗುವ ಸಂಭವ ಹೆಚ್ಚು. ಮುಖ್ಯವಾಗಿ ಮನೆಯ ಹಿರಿಯರಿಗೆ ಇದನ್ನು ತಿಳಿಸಿ ಹೇಳಬೇಕು. ಬ್ಯಾಂಕಿನವರು ಫೋನಿನಲ್ಲಿ ಒಟಿಪಿ ಕೇಳುವುದಿಲ್ಲ. ಕನ್ನಡದಲ್ಲಿಯೇ ಸೊಗಸಾಗಿ ಮಾತಾಡಿ ಕೇಳಿದರೂ ಕೊಡಬಾರದು.

ಒಂದು ಸಲಹೆ

ಹಳೆಯ ಉದ್ರಿಯ ಚಿಕ್ಕ ಪುಸ್ತಕವನ್ನು ಮತ್ತೆ ಮನೆಯಲ್ಲಿಡುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಕಾರ್ಡು ಬಳಸಿದ ದಿನವೇ ಮೊತ್ತವನ್ನು ಅದರಲ್ಲಿ ಬರೆದು, ವಾರಕ್ಕೊಮ್ಮೆ ಮನೆಯವರೆಲ್ಲ ಕೂಡಿ ನೋಡಲಿ. ಬಿಲ್ಲಿನ ಪೂರ್ತಿ ಮೊತ್ತವನ್ನು ಪಗಾರ ಬಂದ ದಿನವೇ ಕಟ್ಟುವ ರೂಢಿ ಮಾಡಿಕೊಳ್ಳಲಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಕಾರ್ಡಿನ ಮಿತಿ ಬ್ಯಾಂಕು ಹಾಸಿದ ಹಾಸಿಗೆ. ನಮ್ಮ ಹಾಸಿಗೆ ನಮ್ಮ ಪಗಾರವೇ. ಈ ಭೇದವನ್ನು ಮಕ್ಕಳ ಕೈಗೆ ಮೊದಲ ಕಾರ್ಡು ಬರುವ ಮುನ್ನವೇ ಅವರಿಗೆ ತಿಳಿಸಿಕೊಡುವ ಹೊಣೆ ತಂದೆತಾಯಿಯರ ಮೇಲಿದೆ. ಎರಡಾಣೆಯಿಂದ ಉಳಿತಾಯ ಕಲಿಸಿದ, ಪರಸ್ಪರ ಜಾಮೀನಿನಿಂದ ಸಂಘ ಕಟ್ಟಿದ ಹಿರಿಯರ ಊರುಗಳಿಂದ ಬಂದ ನಮಗೆ ಇದು ಕಷ್ಟದ ಕೆಲಸವಾಗಲಾರದು.